‘ಇದನ್ನು ನೋಡಿ’ ಎನ್ನುವ ಮೊದಲು

ಒಳ್ಳೆಯ ಸರಣಿಯೊಂದನ್ನು ನೋಡಿ ಮುಗಿಸಿದವರಿಗೆ ಅದನ್ನು ಇನ್ನೊಬ್ಬರಿಗೂ ತೋರಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ‘ಅದ್ಭುತವಾಗಿದೆ, ತಪ್ಪದೇ ನೋಡಿ’ ಎಂಬ ಮಾತು ಹೇಳಿದವರ ಉತ್ಸಾಹವನ್ನು ತಿಳಿಸುತ್ತದೆಯೇ ಹೊರತು, ಕೇಳಿದವರಿಗೆ ಆಯ್ಕೆ ಮಾಡಲು ಬೇಕಾದ ಏನನ್ನೂ ಕೊಡುವುದಿಲ್ಲ. ಶಿಫಾರಸು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸರಳ ಅಳತೆಯಿದೆ: ಅದನ್ನು ಕೇಳಿದ ಮೇಲೆ ‘ಇದು ನನಗೆ ಹೊಂದುವುದಿಲ್ಲ’ ಎಂದು ನಿರ್ಧರಿಸುವುದಕ್ಕೂ ಕೇಳುಗರಿಗೆ ಸಾಧ್ಯವಾಗಬೇಕು.

ಮೊದಲು ಹೇಳಬೇಕಾದದ್ದು ಕಾಲದ ಲೆಕ್ಕ. ಅಣು ಸ್ಥಾವರ ದುರಂತದ ಕಥೆ ಹೇಳುವ ‘ಚೆರ್ನೋಬಿಲ್’ (2019) ಐದು ಕಂತುಗಳಲ್ಲಿ ಮುಗಿದುಹೋಗುತ್ತದೆ. ಜರ್ಮನ್ ಸರಣಿ ‘ಡಾರ್ಕ್’ ಮೂರು ಸೀಸನ್‌ಗಳ 26 ಕಂತುಗಳನ್ನು ಕೇಳುತ್ತದೆ, ಜೊತೆಗೆ ಯಾರು ಯಾರಿಗೆ ಏನಾಗಬೇಕೆಂಬ ಸಂಬಂಧಗಳ ಜಾಲವನ್ನು ನೆನಪಿನಲ್ಲಿಟ್ಟುಕೊಳ್ಳುವ ತಾಳ್ಮೆಯನ್ನೂ ಕೇಳುತ್ತದೆ. ಕಥೆ ಪೂರ್ತಿಯಾಗಿದೆಯೇ ಎಂಬುದೂ ಇದರಷ್ಟೇ ಮುಖ್ಯ. ಎಷ್ಟೋ ಸರಣಿಗಳು ಎರಡನೆಯ ಸೀಸನ್ನಿನ ಕೊನೆಯಲ್ಲಿ ದೊಡ್ಡ ಪ್ರಶ್ನೆಯೊಂದನ್ನು ನೇತುಹಾಕಿ, ಅಲ್ಲಿಯೇ ರದ್ದಾಗಿಬಿಟ್ಟಿವೆ. ಅದನ್ನು ಮುಚ್ಚಿಟ್ಟು ಶಿಫಾರಸು ಮಾಡುವುದು ನ್ಯಾಯವಲ್ಲ. ‘ನಾಲ್ಕನೆಯ ಕಂತಿನಿಂದ ಚೆನ್ನಾಗಿದೆ’ ಎಂಬ ಭರವಸೆಯನ್ನು ಕೊಡುವವರು, ಅದಕ್ಕೂ ಮುಂಚಿನ ಮೂರು ಕಂತುಗಳ ಬೇಸರದ ಹೊರೆಯನ್ನು ಕೇಳುಗರ ಮೇಲೆ ಹಾಕುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಕಥಾಸಾರಾಂಶಕ್ಕಿಂತ ಸ್ವಭಾವದ ವಿವರಣೆ ಹೆಚ್ಚು ಉಪಯುಕ್ತ. ಮೊದಲ ಕಂತಿನ ಸನ್ನಿವೇಶವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಆ ಮೇಲೆ ನಡಿಗೆ ನಿಧಾನವೇ ಚುರುಕೇ, ಹಾಸ್ಯ ಕಹಿಯೇ ಹಗುರವೇ, ಮಾತು ಹೆಚ್ಚೇ ಮೌನ ಹೆಚ್ಚೇ ಎಂಬುದನ್ನು ತಿಳಿಸಿದರೆ ಸಾಕು. ಹಿಂಸೆ, ಆತ್ಮಹತ್ಯೆ, ಮಕ್ಕಳ ಮೇಲಿನ ದೌರ್ಜನ್ಯದಂತಹ ದೃಶ್ಯಗಳಿದ್ದರೆ ಅದನ್ನು ಮೊದಲೇ ಹೇಳಬೇಕು. ಇದರಿಂದ ಕಥೆಯ ಗುಟ್ಟು ರಟ್ಟಾಗುವುದಿಲ್ಲ. ‘ಅದರಂತೆಯೇ ಇದೆ’ ಎಂದು ಇನ್ನೊಂದು ಸರಣಿಯ ಹೆಸರನ್ನು ಹೇಳುವುದಾದರೆ, ಯಾವ ಅಂಶದಲ್ಲಿ ಎಂಬುದನ್ನೂ ಸೇರಿಸಬೇಕು, ಏಕೆಂದರೆ ಒಂದೇ ಪತ್ತೇದಾರಿ ಸರಣಿಯನ್ನು ಒಬ್ಬರು ಒಗಟಿಗಾಗಿಯೂ ಇನ್ನೊಬ್ಬರು ಮಳೆ ಸುರಿಯುವ ಊರಿನ ಚಿತ್ರಣಕ್ಕಾಗಿಯೂ ಮೆಚ್ಚಿರಬಹುದು.

ಲಭ್ಯತೆಯ ವಿಷಯ ಚಿಕ್ಕದು. ಪ್ರಸಾರದ ಪರವಾನಗಿಗಳು ದೇಶಕ್ಕೆ ತಕ್ಕಂತೆ ಬೇರೆಯಾಗುತ್ತವೆ, ಅವಧಿ ಮುಗಿದಾಗ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಆದ್ದರಿಂದ ಹೆಸರಿನೊಂದಿಗೆ ಬಿಡುಗಡೆಯ ವರ್ಷವನ್ನೂ ಹೇಳಿದರೆ ಹುಡುಕುವುದು ಸುಲಭ, ಒಂದೇ ಹೆಸರಿನ ಬೇರೆ ಕೃತಿಯನ್ನು ನೋಡಿಬಿಡುವ ಎಡವಟ್ಟೂ ತಪ್ಪುತ್ತದೆ. ಪರಭಾಷೆಯ ಸರಣಿಯಾದರೆ ಮೂಲ ಧ್ವನಿಯಲ್ಲಿ ಸಬ್‌ಟೈಟಲ್‌ನೊಂದಿಗೆ ನೋಡಿದಿರೋ ಡಬ್ ಆದದ್ದನ್ನು ನೋಡಿದಿರೋ ಎಂಬುದನ್ನು ತಿಳಿಸಿ. ನಟನೆಯನ್ನು ಹೊಗಳುವವರು ಮೂಲ ಧ್ವನಿಯನ್ನು ಕೇಳಿರಬೇಕು ಎಂಬುದು ನನ್ನ ಹಟ.

ಸ್ಪಾಯ್ಲರ್, ಅಂದರೆ ಮುಂದೇನಾಗುತ್ತದೆ ಎಂಬ ಗುಟ್ಟನ್ನು ಮೊದಲೇ ಬಿಟ್ಟುಕೊಡುವುದು, ಕಾಲ್ಪನಿಕ ಕಥೆಗೆ ಮಾತ್ರ ಸಂಬಂಧಿಸಿದ್ದು ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಬಂಡೆ ಏರುವ ಸಾಹಸಿ ಅಲೆಕ್ಸ್ ಹೊನಾಲ್ಡ್ 2017ರ ಜೂನ್‌ನಲ್ಲಿ ಹಗ್ಗವಿಲ್ಲದೆ ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯನ್ನು ಏರಿದ್ದು ಜಗತ್ತಿಗೆಲ್ಲ ಗೊತ್ತಿದ್ದರೂ, ಆ ಏರಿಕೆಯ ಸಾಕ್ಷ್ಯಚಿತ್ರ ‘ಫ್ರೀ ಸೋಲೋ’ವನ್ನು ನೋಡುವಾಗ ಅಂಗೈ ಬೆವರುತ್ತದೆ, ಅಲ್ಲಿ ಫಲಿತಾಂಶ ತಿಳಿದಿದ್ದರೂ ನಷ್ಟವಿಲ್ಲ. ‘ಇಕಾರಸ್’ (2017) ಹಾಗಲ್ಲ. ಹವ್ಯಾಸಿ ಸೈಕಲ್ ಸ್ಪರ್ಧಿಯೂ ಆದ ನಿರ್ದೇಶಕ ಉದ್ದೀಪನ ಮದ್ದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಳ್ಳಲು ಹೊರಡುವುದರಿಂದ ಅದು ಶುರುವಾಗುತ್ತದೆ, ಮತ್ತು ಅಲ್ಲಿಂದ ಎಲ್ಲಿಗೆ ಹೋಗಿ ತಲುಪುತ್ತದೆ ಎಂಬುದನ್ನು ಇಲ್ಲಿಯೂ ಹೇಳದಿರುವುದೇ ಸರಿ.

ಸಾಕ್ಷ್ಯಚಿತ್ರದ ಚರ್ಚೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ತೆರೆಯ ಮೇಲೆ ಕಂಡದ್ದೆಲ್ಲ ನಡೆದದ್ದೇ ಎಂದು ನಂಬುವವರೂ, ಸಂಕಲನವಿದ್ದ ಮೇಲೆ ಎಲ್ಲವೂ ಸುಳ್ಳೇ ಎಂದು ತಳ್ಳಿಹಾಕುವವರೂ ಒಂದೇ ರೀತಿಯಲ್ಲಿ ಚರ್ಚೆಯನ್ನು ಕೆಡಿಸುತ್ತಾರೆ. 1922ರ ‘ನ್ಯಾನೂಕ್ ಆಫ್ ದಿ ನಾರ್ತ್’ ಚಿತ್ರದಲ್ಲಿ ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಹಿಮದ ಮನೆಯ ಒಂದು ಭಾಗವನ್ನು ತೆರೆದೇ ಕಟ್ಟಿಸಲಾಗಿತ್ತು. 1958ರ ‘ವೈಟ್ ವೈಲ್ಡರ್‌ನೆಸ್’ ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಪುಟ್ಟ ಪ್ರಾಣಿಗಳು ತಾವಾಗಿಯೇ ನೀರಿಗೆ ಧುಮುಕುವಂತೆ ತೋರಿಸಲಾಯಿತು. ನಿಜದಲ್ಲಿ ಅವುಗಳನ್ನು ಬೇರೆಡೆಯಿಂದ ತಂದು, ಚಿತ್ರೀಕರಣಕ್ಕಾಗಿ ಅಂಚಿನಿಂದ ಕೆಳಕ್ಕೆ ತಳ್ಳಲಾಗಿತ್ತು. ಮೊದಲನೆಯದು ತಾಂತ್ರಿಕ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು, ಎರಡನೆಯದು ಪ್ರಕೃತಿಯ ಬಗ್ಗೆ ಹೇಳಿದ ಹಸಿ ಸುಳ್ಳು. ಈ ಎರಡನ್ನು ಬೇರ್ಪಡಿಸಿ ಮಾತನಾಡಲು ಕಲಿಯುವುದೇ ಚರ್ಚೆಯ ಮುಕ್ಕಾಲು ಪಾಲು ಕೆಲಸ.

ಮರುನಟನೆಯೂ ತಾನಾಗಿಯೇ ದೋಷವಲ್ಲ. ‘ದಿ ಥಿನ್ ಬ್ಲೂ ಲೈನ್’ (1988) ಒಂದೇ ಕೊಲೆಯನ್ನು ಬೇರೆ ಬೇರೆ ಹೇಳಿಕೆಗಳಿಗೆ ತಕ್ಕಂತೆ ಮತ್ತೆ ಮತ್ತೆ ನಟಿಸಿ ತೋರಿಸಿ, ಆ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಆ ಕೊಲೆಗಾಗಿ ಶಿಕ್ಷೆಗೊಳಗಾಗಿದ್ದ ರ‍್ಯಾಂಡಲ್ ಡೇಲ್ ಆಡಮ್ಸ್ ಮರುವರ್ಷ ಬಿಡುಗಡೆಯಾದರು. ಹೀಗಾಗಿ ‘ಇದು ನಿಜವೇ?’ ಎಂದು ಕೇಳಿ ಸುಮ್ಮನಾಗುವ ಬದಲು, ಈ ದೃಶ್ಯ ಚಿತ್ರೀಕರಿಸಿದ್ದೇ, ಸಂಗ್ರಹದಿಂದ ತೆಗೆದದ್ದೇ, ನಟಿಸಿದ್ದೇ, ಅದನ್ನು ನೋಡುಗರಿಗೆ ತಿಳಿಸಿದ್ದಾರೆಯೇ ಎಂದು ಕೇಳುವುದು ಉತ್ತಮ. ಯಾರ ಮಾತನ್ನು ಕೇಳಿಸಿದ್ದಾರೆ, ಯಾರು ಮಾತನಾಡಲು ಒಪ್ಪಲಿಲ್ಲ, ಚಿತ್ರದ ವಸ್ತುವಾದ ವ್ಯಕ್ತಿಗೇ ನಿರ್ಮಾಣದಲ್ಲಿ ಪಾಲಿದೆಯೇ ಎಂಬುದನ್ನೂ ಗಮನಿಸಬೇಕು. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಕುರಿತ ‘ದಿ ಲಾಸ್ಟ್ ಡಾನ್ಸ್’ (2020) ಸರಣಿಯ ಬಗ್ಗೆ ಈ ಕೊನೆಯ ಪ್ರಶ್ನೆ ಬಹಿರಂಗವಾಗಿಯೇ ಎದ್ದಿತ್ತು. ಹಾಗೆಂದು ಆ ಸರಣಿ ನೋಡಲು ಯೋಗ್ಯವಲ್ಲವೆಂದಲ್ಲ. ಯಾರ ಕಣ್ಣಿನಿಂದ ನೋಡುತ್ತಿದ್ದೇವೆಂದು ತಿಳಿದು ನೋಡಿದರೆ ಅದು ಇನ್ನಷ್ಟು ಸ್ವಾರಸ್ಯಕರ. ನೈಜ ಘಟನೆಯನ್ನು ಆಧರಿಸಿದ ಕಥಾಸರಣಿಗಳಿಗೂ ಈ ಮಾತು ಅನ್ವಯಿಸುತ್ತದೆ: ‘ಚೆರ್ನೋಬಿಲ್’ನ ಉಲಾನಾ ಖೋಮ್ಯುಕ್ ಎಂಬ ವಿಜ್ಞಾನಿ ಹಲವು ವಿಜ್ಞಾನಿಗಳನ್ನು ಒಟ್ಟುಗೂಡಿಸಿ ಸೃಷ್ಟಿಸಿದ ಪಾತ್ರವೆಂದು ಸರಣಿಯೇ ಕೊನೆಯಲ್ಲಿ ತಿಳಿಸುತ್ತದೆ, ಆದರೂ ಆಕೆಯನ್ನು ಐತಿಹಾಸಿಕ ವ್ಯಕ್ತಿಯೆಂದು ಉಲ್ಲೇಖಿಸಿ ವಾದಿಸುವವರು ಇದ್ದಾರೆ.

ಒಂದು ಸೀಸನ್ನಿನ ಎಲ್ಲ ಕಂತುಗಳೂ ಒಮ್ಮೆಲೇ ಬಿಡುಗಡೆಯಾಗುವ ಪದ್ಧತಿಯಿಂದಾಗಿ ಚರ್ಚೆಗೆ ಕುಳಿತವರೆಲ್ಲ ಬೇರೆ ಬೇರೆ ಜಾಗದಲ್ಲಿ ನಿಂತಿರುತ್ತಾರೆ. ಆದ್ದರಿಂದ ಮಾತು ಶುರುವಾಗುವ ಮೊದಲೇ ಪ್ರತಿಯೊಬ್ಬರೂ ಎಷ್ಟನೆಯ ಕಂತಿನವರೆಗೆ ನೋಡಿದ್ದೇವೆಂದು ಹೇಳಿಕೊಳ್ಳಬೇಕು, ಎಲ್ಲರಿಗಿಂತ ಹಿಂದಿರುವವರ ಕಂತೇ ಆ ದಿನದ ಗಡಿಯಾಗಬೇಕು. ಅಭಿಪ್ರಾಯಭೇದ ಬಂದಾಗ ಒಟ್ಟು ಸರಣಿಯ ಬಗ್ಗೆ ತೀರ್ಪು ಕೊಡದೆ, ಒಂದು ದೃಶ್ಯವನ್ನು ಹೆಸರಿಸಿ, ಅದು ಏಕೆ ಹಿಡಿಸಿತು ಅಥವಾ ಹಿಡಿಸಲಿಲ್ಲ ಎಂದು ಹೇಳಿದರೆ ಎದುರಿನವರಿಗೆ ಉತ್ತರಿಸಲು ಏನಾದರೂ ಸಿಗುತ್ತದೆ. ನೀವು ಸೂಚಿಸಿದ್ದನ್ನು ಯಾರಾದರೂ ಅರ್ಧಕ್ಕೆ ಬಿಟ್ಟರೆ ‘ಇನ್ನೊಂದು ಕಂತು ನೋಡಿ’ ಎಂದು ಒತ್ತಾಯಿಸಬೇಡಿ. ಯಾವ ಕಂತಿನಲ್ಲಿ, ಯಾವ ದೃಶ್ಯದಲ್ಲಿ ಬಿಟ್ಟಿರಿ ಎಂದು ಕೇಳಿ, ಉತ್ತರವನ್ನು ಗುರುತುಹಾಕಿಕೊಂಡು, ಮುಂದಿನ ಸಲ ಬೇರೆಯದನ್ನು ಸೂಚಿಸಿ.