ಓಮ್ನಿಯ ಕ್ಲಚ್ ಪೆಡಲ್ ಬಿಗಿಯಾದಾಗ

ಹಳೆಯ ಓಮ್ನಿಯ ಕ್ಲಚ್ ಪೆಡಲ್ ಗಟ್ಟಿಯಾಯಿತೆಂದರೆ ಮೊದಲು ಕೇಳಿಬರುವ ಮಾತು, "ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು." ನನ್ನ ವ್ಯಾನಿಗೂ ಇದೇ ತೀರ್ಪು ಬಂತು. ನಾನು ಒಪ್ಪಲಿಲ್ಲ. ಪ್ಲೇಟ್ ಸವೆದಿದ್ದರೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ನನ್ನದು ತುಂಬಿದ ಹೊರೆಯಲ್ಲೂ ಘಾಟಿ ಹತ್ತುತ್ತಿತ್ತು. ಆದರೆ ಪೆಡಲ್ ಒತ್ತಿದರೆ ಮಂಡಿ ನೋಯುತ್ತಿತ್ತು, ಬಿಟ್ಟರೆ ತಡೆತಡೆದು ಮೇಲೆ ಬರುತ್ತಿತ್ತು.

ಓಮ್ನಿಯ ಕ್ಲಚ್ ನಡೆಯುವುದು ಕೇಬಲ್‌ನಿಂದ. ಪೆಡಲ್ ಒತ್ತಿದಾಗ ಒಳಗಿನ ತಂತಿ ಗೇರ್ ಬಾಕ್ಸ್ ಪಕ್ಕದ ಲಿವರನ್ನು ಎಳೆಯುತ್ತದೆ; ಲಿವರ್ ಒಳಗಿನ ಫೋರ್ಕನ್ನು (ಕವೆಯಂಥ ತುಂಡು) ತಿರುಗಿಸಿ, ರಿಲೀಸ್ ಬೇರಿಂಗನ್ನು ಪ್ರೆಶರ್ ಪ್ಲೇಟಿಗೆ ಒತ್ತುತ್ತದೆ; ಆಗ ಕ್ಲಚ್ ಪ್ಲೇಟಿನ ಮೇಲಿನ ಹಿಡಿತ ಬಿಟ್ಟು, ಎಂಜಿನ್ನಿನ ಬಲ ಗೇರ್ ಬಾಕ್ಸಿಗೆ ಹೋಗುವುದು ನಿಲ್ಲುತ್ತದೆ. ಬಿಗಿ ಎಲ್ಲಿದೆ ಎಂದು ಊಹಿಸುತ್ತ ಕೂರಬೇಕಿಲ್ಲ. ಕೇಬಲನ್ನು ಲಿವರ್‌ನಿಂದ ಕಳಚಿ ಪೆಡಲನ್ನು ಕೈಯಲ್ಲೇ ಒತ್ತಿ ನೋಡಬಹುದು. ಆಗ ಹಗುರವಾದರೆ ದೋಷ ಗೇರ್ ಬಾಕ್ಸ್ ಕಡೆಗಿದೆ. ಆಗಲೂ ಬಿಗಿಯಿದ್ದರೆ ದೋಷ ಕೇಬಲ್‌ನಲ್ಲಿ ಅಥವಾ ಪೆಡಲ್‌ನ ಬುಷ್‌ನಲ್ಲಿ (ಪೆಡಲ್ ತಿರುಗುವ ಕೀಲಿನ ಬಳೆ).

ಬ್ಯಾಟರಿಯ ತಂತಿ ಕಳಚಿ, ಚಕ್ರಗಳಿಗೆ ಅಡ್ಡ ಕೊಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜಾಕ್ ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು. ಕೇಬಲ್ ಕಳಚಿದ ಮೇಲೂ ಪೆಡಲ್ ಬಿಗಿಯಾಗಿಯೇ ಇತ್ತು. ಪೆಡಲ್ ಕಡೆಯ ತುದಿಯನ್ನೂ ಬಿಡಿಸಿ ಟಾರ್ಚ್ ಹಿಡಿದರೆ ಕೊಕ್ಕೆಯ ಬುಡದಲ್ಲಿ ಎಳೆಗಳು ಕಿತ್ತು ಪೊರಕೆಯ ಕಡ್ಡಿಗಳಂತೆ ಕೆದರಿದ್ದವು. ತಂತಿಯ ಮೇಲೆಲ್ಲ ಕೆಂಪು ತುಕ್ಕು. ಕರಾವಳಿಯ ಮಳೆ, ಉಪ್ಪುಗಾಳಿ ಮಾಡಿದ ಕೆಲಸ. ಇಂಥ ಕೇಬಲಿಗೆ ಆಯಿಲ್ ಬಿಟ್ಟರೆ ಕೆಲವು ದಿನ ಹಗುರವಾಗುತ್ತದೆ. ಉಳಿದ ಎಳೆಗಳು ಘಾಟಿಯ ನಡುವೆ ಕಿತ್ತರೆ ಏನು ಗತಿ? ಹೊಸದನ್ನೇ ತಂದೆ.

ಹೊಸ ಕೇಬಲ್ ಹಾಕುವಾಗ ಹಳೆಯದು ಹೋದ ದಾರಿಯನ್ನೇ ಹಿಡಿಯಬೇಕು. ಎಲ್ಲಾದರೂ ಚೂಪಾಗಿ ಬಾಗಿದರೆ ಹೊಸ ಕೇಬಲ್ ಕೂಡ ಬಿಗಿಯೇ. ಸೈಲೆನ್ಸರ್ ಪೈಪಿಗೂ ತಾಗಬಾರದು. ಪೆಡಲ್‌ನ ಬುಷ್‌ಗೆ ಗ್ರೀಸ್ ಸವರಿದೆ. ಒಳಗೆ ಪ್ಲಾಸ್ಟಿಕ್ ಪದರವಿರುವ ಹೊಸ ಕೇಬಲಿಗೆ ಏನೂ ಹಾಕಲಿಲ್ಲ.

ಹೆಚ್ಚು ತಾಳ್ಮೆ ಬೇಕಾದದ್ದು ಪ್ಲೇ, ಅಂದರೆ ಪೆಡಲ್‌ನ ಆರಂಭದ ಸಡಿಲ ಚಲನೆ, ಹೊಂದಿಸುವಾಗ. ಪೆಡಲ್ ಭಾರವಾಗುವ ಮೊದಲು ಸುಮಾರು 20 ಮಿಲಿಮೀಟರ್ ಸಡಿಲವಾಗಿ ಹೋಗುವಂತೆ ಲಿವರ್ ತುದಿಯ ನಟ್ಟನ್ನು ತಿರುಗಿಸಿದೆ. ಪ್ಲೇ ಪೂರ್ತಿ ತೆಗೆದರೆ ಬೇರಿಂಗ್ ಸದಾ ಒತ್ತಿಕೊಂಡಿದ್ದು ಕ್ಲಚ್ ಜಾರುತ್ತದೆ, ಪ್ಲೇಟ್ ಸುಡುತ್ತದೆ. ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಗೇರ್ ಕಿರುಗುಟ್ಟುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ: ಕೇಬಲ್ ಹಿಗ್ಗಿದರೆ ಪ್ಲೇ ಹೆಚ್ಚುತ್ತದೆ, ಪ್ಲೇಟ್ ಸವೆದರೆ ಕಡಿಮೆಯಾಗುತ್ತದೆ. ನಟ್ಟನ್ನು ಪದೇ ಪದೇ ಸಡಿಲಿಸಬೇಕಾಗಿ ಬಂದರೆ ಆಗ ಗೇರ್ ಬಾಕ್ಸ್ ಇಳಿಸುವ ಮಾತಿಗೆ ಅರ್ಥವಿದೆ.

ಹೊಸ ಕೇಬಲ್ ಬೇಗ ಕೆಡುತ್ತಿದ್ದರೆ ಎಂಜಿನ್ನನ್ನು ಗಾಡಿಯ ಲೋಹದ ಬಾಡಿಯೊಂದಿಗೆ ಜೋಡಿಸಿ ಕರೆಂಟಿಗೆ ದಾರಿ ಕೊಡುವ ಅರ್ಥಿಂಗ್ ಪಟ್ಟಿಯನ್ನು ನೋಡಲೇಬೇಕು. ಅದು ಕಿತ್ತಿದ್ದರೆ ಸ್ಟಾರ್ಟರ್ ಕರೆಂಟ್ ಕ್ಲಚ್ ಕೇಬಲಿನ ಮೂಲಕವೇ ಹರಿದು, ತಂತಿ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಆ ಪಟ್ಟಿಯ ಎರಡೂ ತುದಿಗಳ ತುಕ್ಕನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಬೋಲ್ಟ್ ಬಿಗಿ ಮಾಡಿದ ಮೇಲೆಯೇ ಬ್ಯಾಟರಿ ಜೋಡಿಸಿದೆ.