ಜಡ್ಡಿಯಲ್ಲಿ ಗಿಡ ನೆಡುವುದು ಮಳೆ ಬಿಟ್ಟ ಮೇಲೆ: ನನ್ನ ಅನುಭವ

ರಾಂಪತ್ರೆ ಅಂದರೆ ಜಾಯಿಕಾಯಿಯ ಕಾಡು ನೆಂಟ, ಅದು ಬೆಳೆಯುವ ಕಾಡಿನ ಕೆಸರು ತಗ್ಗೇ ಜಡ್ಡಿ. ಆ ಜಡ್ಡಿಯಲ್ಲಿ ಜೂನ್‌ನಲ್ಲಿ ಗಿಡ ನೆಡಬೇಡಿ, ಅಕ್ಟೋಬರ್‌ನಲ್ಲಿ ನೆಡಿ. ಇದನ್ನು ಹೇಳಿದಾಗ ನಮ್ಮೂರಲ್ಲಿ ನಕ್ಕವರೇ ಜಾಸ್ತಿ. ಮಲೆನಾಡಲ್ಲಿ ಮಳೆ ಹಿಡಿದ ಕೂಡಲೇ ನೆಡುವುದು ರೂಢಿ, ವನಮಹೋತ್ಸವವೂ ಜುಲೈಯಲ್ಲೇ. ‘ಮಳೆ ಬಿಟ್ಟ ಮೇಲೆ ನೆಟ್ಟರೆ ನೀರು ಯಾರು ಹೊರುತ್ತಾರೆ ಮಾರಾಯಾ’ ಎಂದರು. ಜಡ್ಡಿಗೆ ನೀರು ಹೊರಬೇಕಾ? ಏಪ್ರಿಲ್‌ನಲ್ಲೂ ಕಾಲು ಹುಗಿಯುವ ಜಾಗ ಅದು. ನೆಟ್ಟು ನಾಲ್ಕೈದು ವರ್ಷವಾದ ಗಿಡಗಳಲ್ಲಿ ಈಗ ಹತ್ತಕ್ಕೆ ಏಳು ನಿಂತಿವೆ. ಅಂದು ನಕ್ಕವರಲ್ಲಿ ಇಬ್ಬರು ಕಳೆದ ವರ್ಷ ನನ್ನಿಂದಲೇ ಗಿಡ ಒಯ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕು, ಘಟ್ಟದ ಅಂಚು. ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಒಂದು ಹಳ್ಳ, ಅದರ ಮಗ್ಗುಲಲ್ಲಿ ಎಕರೆಯಷ್ಟು ಜಡ್ಡಿ. ನಮ್ಮ ತಾಲೂಕಿನ ಕತ್ತಲೆಕಾನು ಎಂಬ ಕಾಡಿನ ಜಡ್ಡಿ ನೋಡಿದವರಿಗೆ ಬೇರೆ ವಿವರಣೆ ಬೇಡ. ಮಂಡಿಯಂತೆ ಮೇಲೆದ್ದು ಮತ್ತೆ ಕೆಸರಿಗಿಳಿಯುವ ಬೇರು, ಕಪ್ಪು ಗೋಡು, ಮಧ್ಯಾಹ್ನವೂ ಮಬ್ಬು. ಹಿಂದೆ ಇಂಥ ತಗ್ಗುಗಳು ಎಷ್ಟೋ ಇದ್ದವು. ನೀರು ವರ್ಷವಿಡೀ ಸಿಗುವ ಜಾಗ ಅಲ್ವಾ, ಗದ್ದೆಯಾದವು, ಅಡಿಕೆ ತೋಟವಾದವು. ನಮ್ಮ ತೋಟದ ತಳವೂ ಅದೇ. ಉಳಿದಿದ್ದು ಒಂದೊಂದು ಹಳ್ಳಕ್ಕೆ ಒಂದೊಂದು ತುಂಡು.

ತುಂಡಾದ ಮೇಲೆ ಮರ ಎಣಿಸಿ ಸಮಾಧಾನ ಪಡುವ ಹಾಗಿಲ್ಲ. ರಾಂಪತ್ರೆ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ನಮ್ಮ ತುಂಡಿನಲ್ಲಿ ದೊಡ್ಡ ಮರ ಹತ್ತು ಹನ್ನೆರಡು ಇವೆ, ಕಾಯಿ ಬಿಡುವುದು ಮೂರೇ. ಜಡ್ಡಿಗಳಲ್ಲೇ ಬೆಳೆಯುವ ಇನ್ನೊಂದು ಮರ ಕೆಸರುಗೇರು, ಅದರ ಕಥೆ ಇನ್ನೂ ಬಿಗಿ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಅದಕ್ಕೆ ಹೆಸರು ಬಿದ್ದಿದ್ದೇ 2000ದಲ್ಲಿ. ಬೆಳೆದ ಮರಗಳು ನೂರೂ ಇಲ್ಲ ಎಂದು ಅಂದಾಜು ಮಾಡಿದ್ದರು, ಅದರಲ್ಲೂ ಎಲ್ಲವೂ ಕಾಯಿ ಬಿಡುವುದಿಲ್ಲ. ಒಂದು ಜಾತಿ ಸದ್ಯಕ್ಕೆ ಉಳಿಯಲು ಸಂತಾನ ಬೆಳೆಸುವ ಐವತ್ತಾದರೂ, ದೀರ್ಘಕಾಲ ಉಳಿಯಲು ಐನೂರಾದರೂ ಬೇಕು ಎಂಬ ಲೆಕ್ಕವಿದೆ, ಅದನ್ನು ಇಲ್ಲಿ ಕೊರೆಯುವುದಿಲ್ಲ. ಶಿರಸಿಯ ಅರಣ್ಯ ಕಾಲೇಜಿನವರು ಇದರ ಸಸಿ ಬೆಳೆಸಿ ಜಡ್ಡಿಗೆ ಮರಳಿಸುವ ಕೆಲಸ ಮಾಡಿದ್ದಾರೆ. ಆ ಸಸಿ ನೋಡಿದ ಮೇಲೆಯೇ ನನಗೂ ಹುಚ್ಚು ಹಿಡಿದಿದ್ದು.

ಮೊದಲ ಎರಡು ಮೂರು ವರ್ಷ ದುಡ್ಡು ಹೊಳೆಗೆ ಹಾಕಿದಂತೆಯೇ. ರಾಂಪತ್ರೆ ಬೀಜ ತಂದು ಜಗಲಿಯಲ್ಲಿ ಹರಡಿದರೆ ಮೂರ್ನಾಲ್ಕು ದಿನಕ್ಕೆ ಒಳಗೆ ಅಲುಗಾಡತೊಡಗುತ್ತದೆ. ಅಲುಗಾಡಿದ ಬೀಜ ಸತ್ತ ಬೀಜ. ಫ್ರಿಜ್‌ನಲ್ಲಿಟ್ಟೂ ನೋಡಿದೆ, ಒಂದೂ ಮೊಳೆಯಲಿಲ್ಲ, ಮನೆಯಲ್ಲಿ ಬೈಗುಳ ಬೇರೆ. ಈಗ ಬಿದ್ದ ದಿನವೇ ಹೆಕ್ಕುತ್ತೇನೆ, ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತೇನೆ, ಸಂಜೆಯೊಳಗೆ ಬೀಜಕ್ಕೆ ಸುತ್ತಿಕೊಂಡ ಪತ್ರೆ ಬಿಡಿಸಿ ಅಡ್ಡ ಮಲಗಿಸಿ ಅರ್ಧ ಹೂಳುತ್ತೇನೆ. ಪಾತಿಗೆ ಹೊಳೆ ಮರಳು, ತೆಂಗಿನ ನಾರಿನ ಪುಡಿ, ಇನ್ನೊಂದು ವಸ್ತು. ಆ ಇನ್ನೊಂದು ನನ್ನ ಹತ್ತಿರವೇ ಇರಲಿ. ಕೆಸರುಗೇರಿನ ಕಾಯಿಗೆ ಬರಿಗೈ ಹಾಕಬೇಡಿ. ನಮ್ಮ ಆಳೊಬ್ಬ ಸೊನೆ ತಾಗಿ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ. ಅವನ ಆಸ್ಪತ್ರೆ ಖರ್ಚೂ ನರ್ಸರಿ ಲೆಕ್ಕದಲ್ಲೇ ಇದೆ.

ಎರಡನೇ ಏಟು ನೀರಿನದು. ಜಡ್ಡಿಯ ಗಿಡ ಅಲ್ವಾ ಎಂದು ಚೀಲಗಳನ್ನು ಟಾರ್ಪಾಲಿನ ಹೊಂಡದಲ್ಲಿ ನಿಲ್ಲಿಸಿದ್ದೆವು. ತಿಂಗಳೊಳಗೆ ಬೇರು ಕೊಳೆತು ನಾತ. ಜಡ್ಡಿಯ ನೀರು ನಿಂತಂತೆ ಕಾಣುತ್ತದೆ, ಆದರೆ ಹರಿಯುತ್ತಲೇ ಇರುತ್ತದೆ. ಒಂದು ಒಣ ಎಲೆ ಬಿಟ್ಟು ನೋಡಿ, ನಿಧಾನಕ್ಕೆ ಸಾಗುತ್ತದೆ. ಹಾಗಾಗಿ ತೋಟದ ಕಾದಿಗೆಯಲ್ಲಿ, ಅಂದರೆ ನೀರು ಹರಿದುಹೋಗುವ ಕಾಲುವೆಯಲ್ಲಿ, ಚೀಲ ಸಾಲಾಗಿಟ್ಟೆ, ತಳದ ಎರಡು ಬೆರಳು ಮಾತ್ರ ನೀರು ಮುಟ್ಟುವಂತೆ. ಕೊಳೆಯುವುದು ನಿಂತಿತು. ಅಡಿಕೆಗೆ ಸುಣ್ಣ-ಮೈಲುತುತ್ತಿನ ಔಷಧಿ ಹೊಡೆಯುವ ದಿನಗಳಲ್ಲಿ ಮಾತ್ರ ಕಾದಿಗೆಯಿಂದ ಎತ್ತಿಡಬೇಕು.

ಇನ್ನು ಜೂನ್ ನಾಟಿ. ಮೊದಲ ಸಲ ಎಲ್ಲರಂತೆ ನಾವೂ ಜೂನ್‌ನಲ್ಲೇ ನೆಟ್ಟೆವು, ಸುಮಾರು ಇನ್ನೂರು ಗಿಡ. ಜುಲೈಯಲ್ಲಿ ಹಳ್ಳ ಉಕ್ಕಿತು. ಅರ್ಧ ಕೊಚ್ಚಿ ಹೋದವು, ಉಳಿದವುಗಳ ಸುಳಿಯ ಮೇಲೆ ಕೆಂಪು ರಾಡಿ ಕೂತಿತು. ವಾರ ಮುಳುಗಿದ ಎಳೆ ಗಿಡ ಮತ್ತೆ ಏಳುವುದಿಲ್ಲ. ಆಗ ಕಂಡಿದ್ದು: ಕಾಡಲ್ಲಿ ತಾನಾಗಿ ಹುಟ್ಟಿದ ಸಸಿಗಳು ನಡು ಕೆಸರಲ್ಲಿ ಇಲ್ಲವೇ ಇಲ್ಲ. ಹಳೇ ಬೇರಿನ ಬುಡದಲ್ಲಿ, ಗೇಣೆತ್ತರದ ದಿಬ್ಬದಲ್ಲಿ ಇವೆ. ನಾನೂ ದಿಬ್ಬ ಮಾಡಿದೆ. ಎರಡು ಮಳೆಗಾಲ ಕಳೆದ, ತೊಡೆಯೆತ್ತರದ ಗಿಡಗಳನ್ನೇ ಆರಿಸಿದೆ. ಅಕ್ಟೋಬರ್‌ನಲ್ಲಿ ಹಳ್ಳ ತಿಳಿಯಾದ ಮೇಲೆ ನೆಟ್ಟೆ. ಮುಂದಿನ ನೆರೆ ಬರುವುದಕ್ಕೆ ಎಂಟು ತಿಂಗಳಿರುತ್ತದೆ, ಅಷ್ಟರಲ್ಲಿ ಬೇರು ಹಿಡಿದುಕೊಳ್ಳುತ್ತದೆ. ಇಡೀ ವಿಧಾನ ಇಷ್ಟೇ. ಮೇಲೆ ಮರವೊಂದು ಬಿದ್ದು ಸ್ವಲ್ಪ ಬೆಳಕಿಳಿಯುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು.

ಏಡಿಯ ಕಾಟ ಉಂಟು. ರಾತ್ರಿ ಬಂದು ಕಾಂಡ ಕತ್ತರಿಸಿ ಹಾಕುತ್ತವೆ. ಪಿವಿಸಿ ಪೈಪ್ ತುಂಡು ತೊಡಿಸಿ ಎಂದು ಯಾರೋ ಸಲಹೆ ಕೊಟ್ಟರು, ರೇಟು ಕೇಳಿ ಸುಮ್ಮನಾದೆ. ಅಡಿಕೆ ಹಾಳೆ ಸುತ್ತಿ ಬಾಳೆ ನಾರು ಕಟ್ಟಿದರೆ ಒಂದು ವರ್ಷ ಬಾಳುತ್ತದೆ, ಅಷ್ಟೊತ್ತಿಗೆ ಕಾಂಡ ಗಟ್ಟಿಯಾಗಿರುತ್ತದೆ. ಖರ್ಚು ಸೊನ್ನೆ. ಕಾಡುಕೋಣಕ್ಕೆ ಮಾತ್ರ ನನ್ನಲ್ಲಿ ಮದ್ದಿಲ್ಲ.

ಎಲ್ಲಕ್ಕಿಂತ ಮುಖ್ಯ, ಯಾವ ಗಿಡ ಯಾವ ತಾಯಿಮರದ್ದು ಎಂದು ಬರೆದಿಡುವ ನನ್ನ ಪುಸ್ತಕ. ಒಂದೇ ಹೆಣ್ಣು ಮರದ ಬುಡದಲ್ಲಿ ಗೋಣಿಗಟ್ಟಲೆ ಬೀಜ ಸಿಗುತ್ತದೆ, ಅದನ್ನೇ ತಂದು ಸಾವಿರ ಗಿಡ ಮಾಡುವುದು ಸುಲಭ. ಫೋಟೋಕ್ಕೂ ಚೆಂದ. ಆದರೆ ಆ ಸಾವಿರವೂ ಒಂದೇ ತಾಯಿಯ ಮಕ್ಕಳು. ಮುಂದೆ ಅಣ್ಣ ತಂಗಿಯ ನಡುವೆಯೇ ಕಾಯಿ ಕಟ್ಟಬೇಕು. ನಾನು ಒಂದು ಮರದಿಂದ ಮೂವತ್ತು ನಲವತ್ತಕ್ಕಿಂತ ಜಾಸ್ತಿ ಬೀಜ ತೆಗೆಯುವುದಿಲ್ಲ. ಉಳಿದದ್ದು ಸಿಂಗಳೀಕಕ್ಕೆ, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗೆ. ನಾಲ್ಕಾರು ಹಳ್ಳಗಳಿಂದ ತರುತ್ತೇನೆ, ಅರಣ್ಯ ಇಲಾಖೆಯ ಅನುಮತಿ ಪತ್ರ ಇಟ್ಟುಕೊಂಡೇ. ತಾಯಿಮರಕ್ಕೊಂದು ನಂಬರು, ಚೀಲದ ಮೇಲೆ ಅದೇ ನಂಬರು. ನೆಡುವಾಗ ಅಕ್ಕಪಕ್ಕ ಒಂದೇ ನಂಬರು ಬರಬಾರದು. ಆ ಮರಗಳು ಎಲ್ಲಿವೆ ಎಂದು ಕೇಳಬೇಡಿ, ಹೇಳುವುದಿಲ್ಲ.

ಮಂಗಟ್ಟೆಯ ಮೇಲೊಂದು ಪ್ರಯೋಗವೂ ನಡೆಯಿತು. ಅವು ಪತ್ರೆ ತಿಂದು ಬೀಜ ಉಗುಳುತ್ತವಲ್ಲ, ಅವು ಕೂರುವ ಮರದಡಿಯ ಬೀಜ ತಂದು ಬೇರೆ ಪಾತಿಯಲ್ಲಿ ಹಾಕಿದೆ. ಮೊಳಕೆಯಲ್ಲಿ ಏನೂ ಫರಕು ಕಾಣಲಿಲ್ಲ, ಕೈಯಲ್ಲಿ ಬಿಡಿಸಿದ್ದೂ ಅಷ್ಟೇ. ಆದರೆ ಅವು ಎಲ್ಲೆಲ್ಲಿಯ ಮರದ ಬೀಜವೋ! ಮಿಶ್ರಣದ ಕೆಲಸ ಹಕ್ಕಿಯೇ ಮಾಡಿಟ್ಟಿದೆ. ಆ ಪಾತಿಗೆ ‘ಹಕ್ಕಿ’ ಅಂತಲೇ ನಂಬರು ಕೊಟ್ಟಿದ್ದೇನೆ. ನನ್ನ ಅತಿ ನೆಚ್ಚಿನ ಗಿಡಗಳು ಅವೇ.

ದುಡ್ಡಿನ ಮಾತು. ನೆನಪಿನ ಲೆಕ್ಕದಲ್ಲಿ ಒಂದು ಗಿಡ ಎರಡು ವರ್ಷ ಸಾಕಿ ನೆಡುವಷ್ಟರಲ್ಲಿ ಅರವತ್ತು ಎಪ್ಪತ್ತು ರೂಪಾಯಿ ಮುಗಿಯುತ್ತದೆ. ಅರ್ಧಕ್ಕಿಂತ ಜಾಸ್ತಿ ಆಳಿನ ಸಂಬಳ, ಆಮೇಲೆ ನೆರಳು ಬಲೆ, ದೊಡ್ಡ ಚೀಲ. ಒಂದು ಸಂಸ್ಥೆಯವರು ಬಂದು ನೋಡಿ, ಮೆಚ್ಚಿ, ಸಹಾಯಧನ ಕೊಡುತ್ತೇವೆ ಎಂದರು. ಬಂದಿದ್ದು ಶಾಲು, ಹಾರ ಮತ್ತು ಅವರ ವರದಿಯಲ್ಲಿ ನನ್ನ ನರ್ಸರಿಯ ಫೋಟೋ. ಖರ್ಚು ತೂಗಿಸಿದ್ದು ಕಸಿ. ಜಡ್ಡಿಯ ರಾಂಪತ್ರೆ ಗಿಡಕ್ಕೆ ಜಾಯಿಕಾಯಿ ಕಸಿ ಕಟ್ಟಿದರೆ ತೋಟದ ತಂಪು ತಗ್ಗಿನಲ್ಲೂ ಅದು ತಡೆದುಕೊಳ್ಳುತ್ತದೆ. ಹೆಣ್ಣು ಮರದ ಕುಡಿ ಕಟ್ಟಿದರೆ ಗಂಡು ಬರುವ ಭಯವಿಲ್ಲ. ಒಂದಕ್ಕೆ ಇನ್ನೂರೈವತ್ತರಂತೆ ವರ್ಷಕ್ಕೆ ನೂರರ ಆಸುಪಾಸು ಹೋಗುತ್ತದೆ. ಬೇರುಗಿಡಕ್ಕೆ ಬಳಸುವುದು ಕುಳ್ಳಾಗಿ ಉಳಿದ, ನೆಡಲು ಬಾರದ ಗಿಡಗಳನ್ನು ಮಾತ್ರ. ಕುಡಿ ಕತ್ತರಿಸುವ ಹೊತ್ತು ಯಾವುದು ಎಂದು ಬಹಳ ಮಂದಿ ಕೇಳಿದ್ದಾರೆ. ಅದು ನನ್ನ ಹೊಟ್ಟೆಪಾಡು, ಬಿಡಿ.

ಕಸಿಯ ಹುಮ್ಮಸ್ಸಿನಲ್ಲಿ ಕಾಡಿನ ಹೆಣ್ಣು ರಾಂಪತ್ರೆಯ ಕುಡಿಯನ್ನೂ ಸಸಿಗೆ ಕಟ್ಟಿದ್ದೇನೆ. ಬೇಗ ಹೂ ಬಿಟ್ಟರೆ ಒಂಟಿ ಗಂಡು ಮರಗಳೇ ಉಳಿದ ಹಳ್ಳಗಳಿಗೆ ಒಯ್ಯುವ ಯೋಚನೆ. ಹತ್ತಿಪ್ಪತ್ತರಲ್ಲಿ ಐದಾರು ಹಿಡಿದಿವೆ, ಹೂ ಇನ್ನೂ ಇಲ್ಲ. ಇದನ್ನು ಅತಿಯಾಗಿ ಮಾಡಬಾರದು ಎಂಬ ಎಚ್ಚರವೂ ಇದೆ, ಒಂದೇ ಮರದ ನಕಲು ಎಲ್ಲ ಕಡೆ ತುಂಬಿದರೆ ಮಾಡಿದ್ದೆಲ್ಲ ವ್ಯರ್ಥ.

ಈ ಅಕ್ಟೋಬರ್‌ಗೆ ಸುಮಾರು ಮುನ್ನೂರು ಗಿಡ ತಯಾರಿವೆ. ಸಿದ್ದಾಪುರ, ಹೊನ್ನಾವರ, ಕುಮಟಾ ಕಡೆ ಬೆಟ್ಟದಲ್ಲಿ ವರ್ಷವಿಡೀ ನೀರು ಹರಿಯುವ ಜಡ್ಡಿ ಇದ್ದವರಿಗೆ ಖರ್ಚಿನ ದರಕ್ಕೇ ಕೊಡುತ್ತೇನೆ. ಮನೆಯಂಗಳಕ್ಕೆ ಒಂದು ಕೊಡಿ ಎಂದು ಬರಬೇಡಿ. ಒಬ್ಬರಿಗೆ ಹದಿನೈದಕ್ಕಿಂತ ಕಡಿಮೆ ಕೊಡುವುದಿಲ್ಲ. ಗಂಡೋ ಹೆಣ್ಣೋ ಗಿಡ ನೋಡಿ ನನಗೂ ಹೇಳಲು ಬರುವುದಿಲ್ಲ, ಹದಿನೈದು ನೆಟ್ಟರೆ ಎರಡೂ ಸಿಗುವ ಸಂಭವ ಜಾಸ್ತಿ. ಸುತ್ತುವ ಅಡಿಕೆ ಹಾಳೆ ನೀವೇ ತನ್ನಿ.