ಅಜ್ಜಿ-ತಾತ, ಪುಟ್ಟ ಕೈ ಮತ್ತು ಅರ್ಧ ದಿನ: ಕಡಿಮೆ ಖರ್ಚಲ್ಲಿ ಬೆಂಗಳೂರು ಸುತ್ತುವುದು ಹೇಗೆ?

ನಮ್ಮ ಮೊಮ್ಮಗನಿಗೆ ನಾಲ್ಕೂವರೆ ವರ್ಷ. ಏಪ್ರಿಲ್‌ನಲ್ಲಿ ರಜೆ ಬಿತ್ತು, ಅಪ್ಪ-ಅಮ್ಮ ಆಫೀಸಿಗೆ ಹೊರಟರು, ಮಗು ನಮ್ಮ ಪಾಲಿಗೆ ಬಂತು. ಮೊದಲ ದಿನವೇ ನಾನೂ ನಮ್ಮ ಮನೆಯವರೂ ಉತ್ಸಾಹದಲ್ಲಿ ಅವನಿಗೆ ಮೂರು ಜಾಗ ತೋರಿಸಲು ಹೊರಟೆವು. ಎರಡನೆಯದರಲ್ಲೇ ಅವನು ನೆಲದ ಮೇಲೆ ಕೂತುಬಿಟ್ಟ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ತಾತನ ಹೆಗಲ ಮೇಲೆ ನಿದ್ದೆ. ಹದಿನೇಳು ಕೆಜಿ ಹೊತ್ತ ಆ ಮಂಡಿ ಆಮೇಲೆ ನಾಲ್ಕು ದಿನ ನೋಯಿತು.

ಅವತ್ತು ನನಗೆ ಒಂದು ವಿಷಯ ತಿಳಿಯಿತು. ಪುಟ್ಟ ಮಕ್ಕಳ ಕಾಲಿಗೂ ನಮ್ಮ ಕಾಲಿಗೂ ವೇಗ ಒಂದೇ. ಇಬ್ಬರಿಗೂ ಆಗಾಗ ಕೂರಬೇಕು, ಆಗಾಗ ಬಾತ್‌ರೂಮಿಗೆ ಹೋಗಬೇಕು, ಮಧ್ಯಾಹ್ನ ಮಲಗಬೇಕು. ಆ ವೇಗಕ್ಕೆ ತಕ್ಕ ಹಾಗೆ ದಿನವನ್ನು ಹೊಂದಿಸಿಕೊಂಡರೆ ಖರ್ಚೂ ತಾನಾಗಿಯೇ ಕಡಿಮೆಯಾಗುತ್ತದೆ.

ಒಂದು ದಿನಕ್ಕೆ ಒಂದೇ ಜಾಗ

ಬೆಳಗ್ಗೆ ಒಂಬತ್ತಕ್ಕೆ ಹೊರಡಿ, ಮಧ್ಯಾಹ್ನ ಒಂದು ಗಂಟೆಯೊಳಗೆ ಮನೆಗೆ ಬನ್ನಿ. ಅಷ್ಟೇ. ವಾರದ ಮಧ್ಯದ ದಿನ ಆರಿಸಿಕೊಳ್ಳಿ, ಜನ ಕಡಿಮೆ. ಆದರೆ ಸೋಮವಾರ ಹೊರಡುವ ಮುಂಚೆ ಒಮ್ಮೆ ವಿಚಾರಿಸಿ. ಮಕ್ಕಳು ಇಷ್ಟಪಡುವ ಕೆಲವು ಜಾಗಗಳಿಗೆ ಅವತ್ತು ರಜೆ. ಬೀಗ ಹಾಕಿದ ಗೇಟಿನ ಮುಂದೆ ನಾಲ್ಕು ವರ್ಷದ ಮಗುವನ್ನು ಸಮಾಧಾನ ಮಾಡುವುದು ಸುಲಭದ ಕೆಲಸ ಅಲ್ಲ, ನಾನು ಮಾಡಿ ನೋಡಿದ್ದೇನೆ. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿನ ವಿಷಯದಲ್ಲೂ ಅಷ್ಟೇ. ಓಡುತ್ತಿದೆಯಾ ಅಂತ ಕೇಳಿಕೊಳ್ಳದೆ ಮಗುವಿಗೆ ಮಾತು ಕೊಡಬೇಡಿ.

ಹಿಂದಿನ ರಾತ್ರಿಯ ತಯಾರಿ

ಬೆನ್ನಿಗೆ ಹಾಕುವ ಒಂದು ಹಗುರ ಬ್ಯಾಗ್ ಸಾಕು. ಕೈ ಎರಡೂ ಖಾಲಿ ಇರಬೇಕು, ಒಂದು ಮಗುವಿಗೆ, ಇನ್ನೊಂದು ಕಂಬಿ ಹಿಡಿಯಲು. ನೀರು, ಮಗುವಿಗೆ ಒಂದು ಜೊತೆ ಬಟ್ಟೆ, ಹಳೇ ಟವೆಲ್, ಟೋಪಿ, ನಮ್ಮ ಬಿಪಿ ಮಾತ್ರೆ, ಚಿಲ್ಲರೆ, ಆಧಾರ್ ಕಾರ್ಡ್. ಒಂದು ಚೀಟಿಯಲ್ಲಿ ನಿಮ್ಮ ಫೋನ್ ನಂಬರ್ ಬರೆದು ಮಗುವಿನ ಜೇಬಿಗೆ ಹಾಕಿ. ಹೊರಡುವಾಗ ಅವತ್ತಿನ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆದುಕೊಳ್ಳಿ. ಜನರ ನಡುವೆ ಕೈ ತಪ್ಪಿದರೆ ತೋರಿಸಿ ಕೇಳಲು ಅದೇ ಬೇಕಾಗುವುದು.

ಬುತ್ತಿಗೆ ಮೊಸರನ್ನ ಒಳ್ಳೆಯದು. ಬೇಸಿಗೆಯಲ್ಲಿ ಹುಳಿಯಾಗುತ್ತೆ ಅನ್ನೋರು ಹೀಗೆ ಮಾಡಿ: ಅನ್ನವನ್ನು ಬಿಸಿಯಿದ್ದಾಗಲೇ ಚೆನ್ನಾಗಿ ಮಸೆದು, ಕಾಸಿದ ಹಾಲು ಹಾಕಿ ಕಲಸಿ. ಆರಿದ ಮೇಲೆ ಒಂದೇ ಚಮಚ ಮೊಸರು ಹಾಕಿ ಡಬ್ಬಿ ಮುಚ್ಚಿ. ಮಧ್ಯಾಹ್ನ ತೆಗೆಯುವಷ್ಟರಲ್ಲಿ ಹದವಾಗಿ ಹೆಪ್ಪಾಗಿರುತ್ತದೆ. ಜೊತೆಗೆ ಎರಡು ಬಾಳೆಹಣ್ಣು, ಒಂದು ಪೊಟ್ಟಣ ಕಡಲೆಪುರಿ. ಪಾರ್ಕಿನೊಳಗೆ ತಿನ್ನುವುದಕ್ಕೆ ನಿಯಮಗಳಿರುತ್ತವೆ, ಬುತ್ತಿ ಬಿಚ್ಚುವ ಮುಂಚೆ ಗೇಟಿನಲ್ಲಿರುವವರನ್ನು ಕೇಳಿ. ಹೋಟೆಲಿಗೆ ಹೋಗುವುದಾದರೆ ನಿಂತು ತಿನ್ನುವ ದರ್ಶಿನಿ ಬೇಡ. ಕೂರಲು ಜಾಗ ಇರುವುದನ್ನೇ ಹುಡುಕಿ. ನಮಗೂ ಮಗುವಿಗೂ ಆ ಹತ್ತು ನಿಮಿಷದ ವಿಶ್ರಾಂತಿ ಬೇಕು.

ಬಸ್ಸು, ಮೆಟ್ರೊ

ಕಾರಲ್ಲಿ ಓಡಾಡಿದ ಮಕ್ಕಳಿಗೆ ಬಸ್ಸೇ ಒಂದು ದೊಡ್ಡ ಆಟ. ಬಿಎಂಟಿಸಿಯ ಸಾಮಾನ್ಯ ಬಸ್ಸಲ್ಲಿ ಅಜ್ಜಿಗೆ ಶಕ್ತಿ ಯೋಜನೆಯಲ್ಲಿ ಶೂನ್ಯ ಟಿಕೆಟ್. 2023ರ ಜೂನ್‌ನಿಂದ ರಾಜ್ಯದ ಹೆಣ್ಣುಮಕ್ಕಳಿಗೆಲ್ಲ ಈ ಸೌಲಭ್ಯ ಇದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ. ತಾತನಿಗೆ 60 ದಾಟಿದ್ದರೆ ಟಿಕೆಟ್ಟಿನಲ್ಲಿ ಶೇ 25 ರಿಯಾಯಿತಿ. ಚೀಟಿ ತೋರಿಸಿ ಬಾಯಿಬಿಟ್ಟು ಕೇಳಬೇಕು, ನಮ್ಮಲ್ಲಿ ಎಷ್ಟೋ ಜನ ಸಂಕೋಚಕ್ಕೆ ಕೇಳುವುದೇ ಇಲ್ಲ. ಮೆಟ್ರೊದಲ್ಲಿ ಮೂರು ಅಡಿಗಿಂತ ಕಡಿಮೆ ಎತ್ತರದ ಮಗುವಿಗೆ ಟಿಕೆಟ್ ಬೇಡ.

ಮೆಟ್ರೊ ನಿಲ್ದಾಣದಲ್ಲಿ ಮಗು ಎಸ್ಕಲೇಟರ್ ಕಡೆಗೆ ಎಳೆಯುತ್ತದೆ. ಹತ್ತುವಾಗ, ಇಳಿಯುವಾಗ ಆ ಒಂದು ಕ್ಷಣ ನಮ್ಮ ವಯಸ್ಸಿನವರ ಕಾಲು ತಡವರಿಸುತ್ತದೆ. ಲಿಫ್ಟಲ್ಲೇ ಹೋಗಿ. ಬಟನ್ ಒತ್ತುವ ಕೆಲಸ ಮಗುವಿಗೆ ಕೊಟ್ಟರೆ ಜಗಳ ಇರುವುದಿಲ್ಲ. ಆಫೀಸಿನ ಗುಂಪು ಕರಗಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಹತ್ತಿದರೆ ಕಿಟಕಿ ಪಕ್ಕವೇ ಸೀಟು ಸಿಗಬಹುದು.

ಎಲ್ಲಿಗೆ ಹೋಗುವುದು?

ನನ್ನ ಮೊದಲ ಆಯ್ಕೆ ಲಾಲ್‌ಬಾಗ್. ಮೆಟ್ರೊದ ಹಸಿರು ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣ ಇದೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಈಗ 240 ಎಕರೆ. ಪೂರ್ತಿ ನೋಡುತ್ತೇವೆ ಅಂತ ಹೊರಟರೆ ಕೆಟ್ಟಿರಿ. ಒಂದು ದಿನ ಕೆರೆ ಕಡೆ, ಇನ್ನೊಂದು ದಿನ ಗಾಜಿನ ಮನೆ, ಮತ್ತೊಂದು ದಿನ ಬಂಡೆ, ಹೀಗೆ ಹಂಚಿಕೊಳ್ಳಿ. ಫಲಪುಷ್ಪ ಪ್ರದರ್ಶನ ನಡೆಯುವ ಜನವರಿ 26, ಆಗಸ್ಟ್ 15ರ ಆಸುಪಾಸಲ್ಲಿ ಮಾತ್ರ ಪುಟ್ಟ ಮಕ್ಕಳ ಜೊತೆ ಬೇಡ, ನೂಕುನುಗ್ಗಲು ಜಾಸ್ತಿ.

ಬಂಡೆಗೆ ಹೋಗುವುದಾದರೆ ಬಿಸಿಲೇರುವ ಮುಂಚೆ ಹೋಗಿ. ಕೆಂಪೇಗೌಡರ ಗೋಪುರ ಇರುವ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ನಾವು ತುದಿಯವರೆಗೆ ಹತ್ತಲಿಲ್ಲ. ಕೆಳಗಿನ ಇಳಿಜಾರಲ್ಲಿ ಟವೆಲ್ ಹಾಸಿ ಕೂತೆವು. ಕಲ್ಲಿನ ಒಂದು ಬಿರುಕಲ್ಲಿ ಇರುವೆ ಸಾಲು ಹೋಗುತ್ತಿತ್ತು. ಮೊಮ್ಮಗ ಹೊಟ್ಟೆ ಮೇಲೆ ಮಲಗಿ, ಗಲ್ಲವನ್ನು ಕಲ್ಲಿಗೆ ತಾಗಿಸಿಕೊಂಡು ನೋಡುತ್ತಾ ಇದ್ದ. ಒಂದು ಕಡಲೆಪುರಿ ಕಾಳು ಅವನ ಅಂಗಿಯಿಂದ ಉದುರಿತು. ಎರಡು ಇರುವೆ ಬಂದವು, ಆಮೇಲೆ ಆರು. ಕಾಳು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಅದು ಬಿರುಕಿನ ಬಾಯಿ ತಲುಪಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವನು ಎದ್ದಿಲ್ಲ.

“ತಾತ, ಈ ಕಲ್ಲು ನಿನಗಿಂತ ದೊಡ್ಡೋನಾ?”

“ನನಗಿಂತ, ನಮ್ಮ ತಾತನಿಗಿಂತ, ಎಲ್ಲರಿಗಿಂತ.”

“ಡೈನೋಸಾರ್‌ಗಿಂತ?”

“ಅದಕ್ಕಿಂತಲೂ.”

ಅವನು ನಂಬಲಿಲ್ಲ. ಹಾಗಾಗಿ ಮುಂದಿನ ವಾರ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದೆವು, ಡೈನೋಸಾರನ್ನೇ ಕೇಳಲು. ಅದರ ಎದುರು ಐದು ನಿಮಿಷ ನನ್ನ ಸೆರಗಿನ ಹಿಂದೆ ನಿಂತು, ಆಮೇಲೆ ಮೆಲ್ಲಗೆ ಒಂದು ಹೆಜ್ಜೆ ಮುಂದಿಟ್ಟ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿಯೂ ಅಲ್ಲಿದೆ. ಒಳಗೆ ಬಟನ್ ಒತ್ತಿ, ಹಿಡಿ ತಿರುಗಿಸಿ ನೋಡುವಂಥವು ಬೇಕಾದಷ್ಟಿವೆ. ಟಿಕೆಟ್ ಇದೆ, ಆದರೆ ಮಳೆಗಾಲದ ದಿನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮಹಡಿ ಮೇಲೆ ಮಹಡಿ ಇರುವುದರಿಂದ ಒಂದು ಸಲಕ್ಕೆ ಎರಡು ವಿಭಾಗ ಸಾಕು. ಪಕ್ಕದಲ್ಲೇ ಕಬ್ಬನ್ ಪಾರ್ಕ್, ಅದಕ್ಕೆ ಟಿಕೆಟ್ಟೇ ಇಲ್ಲ. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಮಗುವಿನ ಕೈ ಬಿಟ್ಟು ಓಡಲು ಬಿಡಬಹುದು.

ಎಲ್ಲಕ್ಕಿಂತ ಅಗ್ಗದ್ದು ರೈಲು ನಿಲ್ದಾಣ. ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ, ಎರಡು ಗಂಟೆ ಇರಬಹುದು. ಮೆಜೆಸ್ಟಿಕ್‌ನಲ್ಲಿ ಮೆಟ್ಟಿಲು ಹತ್ತದೆ ಸಿಗುವ ಪ್ಲಾಟ್‌ಫಾರ್ಮಲ್ಲೇ, ಹಳದಿ ಗೆರೆಯಿಂದ ದೂರದ ಬೆಂಚಲ್ಲಿ ಕೂತು ಬೋಗಿ ಎಣಿಸಿ. ಮಗುವಿನ ಕೈ ಮಾತ್ರ ಒಂದು ಕ್ಷಣವೂ ಬಿಡಬೇಡಿ. ಹಬ್ಬದ ಹಿಂದಿನ ದಿನ ಹೋಗಬೇಡಿ.

ಬಸವನಗುಡಿ ಹತ್ತಿರದವರಿಗೆ ದೊಡ್ಡ ಬಸವಣ್ಣನ ಗುಡಿ, ಪಕ್ಕದ ಬ್ಯೂಗಲ್ ರಾಕ್ ಪಾರ್ಕ್ ಇವೆ. ಖರ್ಚು ಏನಿದ್ದರೂ ಹೂವು-ಹಣ್ಣಿಗೆ ಅಷ್ಟೇ.

ವಾಪಸ್ ಹೊರಡುವುದು

ಮಗು ಅಳಲು ಶುರು ಮಾಡುವ ಮುಂಚೆ ಹೊರಡಿ. ಕಣ್ಣು ಉಜ್ಜಿತು, ಕೇಳಿದ್ದಕ್ಕೆಲ್ಲ ‘ಬೇಡ’ ಅಂತು, ಅಂದರೆ ಹೊತ್ತಾಯಿತು. ಇನ್ನೊಂದೇ ಒಂದು ನೋಡಿಬಿಡೋಣ ಅನ್ನುವ ಆಸೆ ಬೇಡ. ತುಂಬಾ ದಣಿದಿದ್ದರೆ ಆ ಕೊನೆಯ ಮೂರು ಕಿಲೋಮೀಟರ್ ಆಟೊ ಮಾಡಿ, ಅಲ್ಲಿ ಉಳಿತಾಯದ ಯೋಚನೆ ಬೇಡ.

ಬಸ್ಸಲ್ಲಿ ಅವನಿಗೆ ಟಿಕೆಟ್ ಇಲ್ಲ ಅಂತ ಮೊದಲ ದಿನ ಮುಖ ಸಣ್ಣ ಮಾಡಿಕೊಂಡಿದ್ದ. ಈಗ ನನ್ನ ಶೂನ್ಯ ಟಿಕೆಟ್ ಅವನದ್ದೇ. ಹಳೇ ಬಿಸ್ಕತ್ ಡಬ್ಬಿಯಲ್ಲಿ ಇಲ್ಲಿವರೆಗೆ ಹದಿನಾಲ್ಕು ಸೇರಿವೆ. ರಾತ್ರಿ ಅಮ್ಮ ಬಂದ ಮೇಲೆ ಒಂದೊಂದಾಗಿ ನೆಲದ ಮೇಲೆ ಜೋಡಿಸಿ, “ಇದು ಇರುವೆ ಟಿಕೆಟ್, ಇದು ಡೈನೋಸಾರ್ ಟಿಕೆಟ್” ಅಂತ ಹೇಳುತ್ತಾ ಹೋಗುತ್ತಾನೆ.